ಹೈಸ್ಕೂಲಿನಲ್ಲೇ ಕಾಲೇಜಿನ ಜಮೆ

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ, ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮೂರಿನ ಪತ್ತಿನ ಸಹಕಾರ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂದರ್ಭದಲ್ಲಿ ನಮ್ಮನ್ನು ನೆನಪಿಟ್ಟು ಕರೆದದ್ದಕ್ಕೆ ಮೊದಲು ವಂದನೆಗಳು. ನಾವು ದಂಪತಿಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದೇವೆ. ವಾಷಿಂಗ್ಟನ್ ಅಂದರೆ ಅಧ್ಯಕ್ಷರ ಶ್ವೇತಭವನ ಇರುವ ರಾಜಧಾನಿ ಅಲ್ಲ. ಅದು ಪೂರ್ವದ ತುದಿ, ನಮ್ಮದು ಪಶ್ಚಿಮದ ತುದಿ. ಸಿಯಾಟಲ್ ನಗರ ಇರುವ ರಾಜ್ಯ. ಮಳೆ ಮಾತ್ರ ನಮ್ಮ ಮಲೆನಾಡಿನ ನೆನಪು ತರುವಂಥದ್ದು. ಮೈಕಿನ ಮುಂದೆ ಒಬ್ಬರೇ ನಿಂತಿದ್ದರೂ ಮಾತು ಇಬ್ಬರದೂ. ಆದ್ದರಿಂದ 'ನಾವು' ಅಂತಲೇ ಹೇಳುತ್ತೇವೆ.

ಕಾರ್ಯದರ್ಶಿಗಳು ಫೋನಿನಲ್ಲಿ ಒಂದು ಷರತ್ತು ಹಾಕಿದ್ದರು. "ಅಮೆರಿಕದ ದೊಡ್ಡ ದೊಡ್ಡ ಕಟ್ಟಡದ ಸುದ್ದಿ ಬೇಡ, ಅದನ್ನ ನಮ್ಮ ಹುಡುಗರು ಮೊಬೈಲಿನಲ್ಲೇ ನೋಡ್ತಾರೆ. ಮಕ್ಕಳ ಓದಿನ ಬಗ್ಗೆ ಏನಾದರೂ ಹೇಳಿ" ಅಂದರು. ಹಾಗಾಗಿ ನಮ್ಮ ಮಗಳು ಎರಡು ವರ್ಷ ಓದಿದ ಒಂದು ವ್ಯವಸ್ಥೆಯ ಬಗ್ಗೆ ಹೇಳುತ್ತೇವೆ. ಅಲ್ಲಿ ಹೈಸ್ಕೂಲಿನ ಮಕ್ಕಳು ಹೈಸ್ಕೂಲಿನಲ್ಲಿ ಇರುವಾಗಲೇ ಪಕ್ಕದ ಕಮ್ಯುನಿಟಿ ಕಾಲೇಜಿಗೆ ಹೋಗಿ ಕಾಲೇಜಿನ ಪಾಠ ಓದುತ್ತಾರೆ. ಪಾಸಾದರೆ ಒಂದೇ ಓದಿಗೆ ಎರಡು ಕಡೆ ಜಮೆ. ಹೈಸ್ಕೂಲಿನ ಲೆಕ್ಕಕ್ಕೂ ಬರುತ್ತದೆ, ಕಾಲೇಜಿನ ಲೆಕ್ಕಕ್ಕೂ ಬರುತ್ತದೆ.

ಅಲ್ಲಿನ ಹೈಸ್ಕೂಲು ಅಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿ. ನಮ್ಮ ಪಿಯುಸಿ ಎರಡು ವರ್ಷ ಅವರ ಹೈಸ್ಕೂಲಿನ ಹೊಟ್ಟೆಯಲ್ಲೇ ಇದೆ. ಹಾಗಾಗಿ ನಾವು 'ಹೈಸ್ಕೂಲು ಮಕ್ಕಳು' ಅಂದಾಗ ನೀವು ನಮ್ಮ ಪಿಯುಸಿ ವಯಸ್ಸಿನ, ಹದಿನಾರು ಹದಿನೇಳರ ಮಕ್ಕಳನ್ನು ಕಣ್ಣ ಮುಂದೆ ತಂದುಕೊಳ್ಳಬೇಕು.

ಈ ಕಮ್ಯುನಿಟಿ ಕಾಲೇಜು ಏನು ಅಂತ ಕೇಳಿದರೆ, ಅದು ಊರಿನವರ ಕಾಲೇಜು. ಎರಡು ವರ್ಷದ ಪದವಿ ಕೊಡುತ್ತದೆ. ಮುಂದೆ ಇನ್ನೆರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದರೆ ಪೂರ್ಣ ಪದವಿ. ಅದರ ಜೊತೆಗೆ ವೆಲ್ಡಿಂಗು, ನರ್ಸಿಂಗು, ಮೋಟಾರು ರಿಪೇರಿ, ಲೆಕ್ಕಪತ್ರ, ಹೊಸದಾಗಿ ಬಂದವರಿಗೆ ಇಂಗ್ಲಿಷು, ಎಲ್ಲವೂ ಅಲ್ಲಿ ಉಂಟು. ಸೇರಲು ದೊಡ್ಡ ಪ್ರವೇಶ ಪರೀಕ್ಷೆ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ದೇಶದಲ್ಲಿ ಇಂಥವು ಸುಮಾರು 1000 ಇವೆ. ನಮ್ಮ ವಾಷಿಂಗ್ಟನ್ ರಾಜ್ಯ ಒಂದರಲ್ಲೇ ತಾಂತ್ರಿಕ ಕಾಲೇಜುಗಳೂ ಸೇರಿ 34. ಅಲ್ಲಿನ ಶ್ರೀಮಂತರು ಈ ಕಾಲೇಜುಗಳ ಹೆಸರು ಹೇಳುವಾಗ ಸ್ವಲ್ಪ ಮೂಗು ಮುರಿಯುತ್ತಾರೆ. ನಮ್ಮ ಭಾರತದಿಂದ ಹೋದವರಲ್ಲೂ ಅನೇಕರು ಹಾಗೆಯೇ. ಆದರೆ ದುಡಿದು ತಿನ್ನುವ ಮನೆಯ ಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದ್ದು ಬಹುಪಾಲು ಇವೇ.

ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ಸಹಕಾರ ಚಳವಳಿಯ ಚರಿತ್ರೆಯಲ್ಲಿ 1905ರ ಕಣಗಿನಹಾಳದ ಹೆಸರು ನಿಮಗೆಲ್ಲ ಗೊತ್ತು. ಗದಗದ ಹತ್ತಿರದ ಆ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದು ಆಗ. ಅದಕ್ಕೆ ನಾಲ್ಕು ವರ್ಷ ಮೊದಲು, 1901ರಲ್ಲಿ, ಶಿಕಾಗೋ ಹತ್ತಿರದ ಜೋಲಿಯೆಟ್ ಎಂಬ ಊರಿನಲ್ಲಿ ಅಮೆರಿಕದ ಮೊದಲ ಸಾರ್ವಜನಿಕ ಕಮ್ಯುನಿಟಿ ಕಾಲೇಜು ಹುಟ್ಟಿತು. ಹುಟ್ಟಿದ್ದು ಎಲ್ಲಿ? ಹೈಸ್ಕೂಲಿನ ಒಳಗೆ! ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಜೆ. ಸ್ಟಾನ್ಲಿ ಬ್ರೌನ್ ಮತ್ತು ಶಿಕಾಗೋ ವಿಶ್ವವಿದ್ಯಾಲಯದ ವಿಲಿಯಂ ರೈನಿ ಹಾರ್ಪರ್ ಇಬ್ಬರೂ ಸೇರಿ, ಊರು ಬಿಟ್ಟು ಹೋಗಲಾರದ ಮಕ್ಕಳಿಗೆ ಹೈಸ್ಕೂಲು ಮುಗಿದ ಮೇಲೆ ಅಲ್ಲೇ ಕಾಲೇಜಿನ ಪಾಠ ಮಾಡಿಸಿದರು. ಮೊದಲ ವರ್ಷ ಇದ್ದದ್ದು 6 ಜನ ವಿದ್ಯಾರ್ಥಿಗಳು. ನಮ್ಮ ಸಂಘದ ಮೊದಲ ಸಭೆಗೆ ಎಷ್ಟು ಜನ ಬಂದಿದ್ದರು ಅಂತ ಸ್ಥಾಪಕ ನಿರ್ದೇಶಕರು ಬೆಳಿಗ್ಗೆ ಹೇಳಿ ನಗಿಸಿದರಲ್ಲ, ಹಾಗೆ.

ಆದರೆ ಆಮೇಲೆ ಕಾಲೇಜು ಬೇರೆಯಾಯಿತು, ಹೈಸ್ಕೂಲು ಬೇರೆಯಾಯಿತು. ನಡುವೆ ಗೋಡೆ ಎದ್ದಿತು. ಆ ಗೋಡೆಗೆ ಮತ್ತೆ ಬಾಗಿಲು ಇಟ್ಟ ಕಥೆ 1970ರ ದಶಕದಿಂದ ಜೋರಾಗುತ್ತದೆ. 1974ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ಕಮ್ಯುನಿಟಿ ಕಾಲೇಜಿನವರು ತಮ್ಮ ಆವರಣದಲ್ಲೇ ಒಂದು ಹೈಸ್ಕೂಲು ತೆರೆದರು. ಜಾನೆಟ್ ಲೀಬರ್‌ಮನ್ ಎಂಬ ಪ್ರಾಧ್ಯಾಪಕಿಯ ಯೋಜನೆ ಅದು. ಅದಕ್ಕೆ ಅವರು ಸೇರಿಸಿಕೊಂಡದ್ದು ನೂರಕ್ಕೆ ತೊಂಬತ್ತು ತೆಗೆಯುವವರನ್ನಲ್ಲ. ಶಾಲೆ ಬಿಟ್ಟೇ ಬಿಡುತ್ತಾರೆ ಅಂತ ಎಲ್ಲರೂ ಕೈಬಿಟ್ಟ ಮಕ್ಕಳನ್ನು. 'ನಿನ್ನನ್ನು ನಾವು ಕಾಲೇಜಿನವನ ಹಾಗೆ ನೋಡುತ್ತೇವೆ' ಅಂದರೆ ಹುಡುಗ ಹಾಗೇ ನಡೆದುಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

1985ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಕಾನೂನನ್ನೇ ಮಾಡಿತು. ಆಗ ಅಲ್ಲಿ ಗವರ್ನರ್ ಆಗಿದ್ದವರು ರೂಡಿ ಪರ್ಪಿಚ್. ಗಣಿ ಕೆಲಸಗಾರನ ಮಗ, ಓದಿ ಹಲ್ಲಿನ ಡಾಕ್ಟರಾದವರು. ಹೈಸ್ಕೂಲಿನ ಕೊನೆಯ ಎರಡು ವರ್ಷದ ಮಕ್ಕಳು ಕಾಲೇಜಿನಲ್ಲಿ ಪಾಠ ಕೇಳಬಹುದು, ಫೀಸು ರಾಜ್ಯದ್ದು ಎಂದು ಕಾನೂನು ಹೇಳಿತು. ಅದನ್ನು ನೋಡಿ 1990ರಲ್ಲಿ ನಮ್ಮ ವಾಷಿಂಗ್ಟನ್ ರಾಜ್ಯವೂ ಕಾನೂನು ಮಾಡಿತು. ಅದರ ಹೆಸರು 'ರನ್ನಿಂಗ್ ಸ್ಟಾರ್ಟ್'. ಅಂದರೆ ನಿಂತಲ್ಲಿಂದ ಹೊರಡುವುದಲ್ಲ, ಓಡುತ್ತಲೇ ಹೊರಡುವುದು ಅಂತ. ಮೊದಲು ಕೆಲವು ಕಾಲೇಜುಗಳಲ್ಲಿ ನೋಡಿ, ಆಮೇಲೆ ರಾಜ್ಯಕ್ಕೆಲ್ಲ ಹರಡಿದರು. ಇವತ್ತು ದೇಶದ ಲೆಕ್ಕ ತೆಗೆದರೆ, 2022-23ರಲ್ಲಿ ಸುಮಾರು 25 ಲಕ್ಷ ಹೈಸ್ಕೂಲು ಮಕ್ಕಳು ಒಂದಾದರೂ ಕಾಲೇಜು ಪಾಠ ಓದಿದ್ದಾರೆ. ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಐದರಲ್ಲಿ ಒಬ್ಬರು ಹೈಸ್ಕೂಲಿನವರೇ.

ಇನ್ನು 'ಕ್ರೆಡಿಟ್' ಎಂಬ ಮಾತಿಗೆ ಬರೋಣ. ನಮ್ಮ ಸಂಘದಲ್ಲಿ ಕ್ರೆಡಿಟ್ ಅಂದರೆ ಪತ್ತು. ಪತ್ತು ಅಂದರೆ ನಂಬಿಕೆ. ಇವನು ತಿರುಗಿ ಕೊಡುತ್ತಾನೆ ಎಂಬ ನಂಬಿಕೆಯ ಮೇಲೆ ಸಾಲ. ಕಾಲೇಜಿನಲ್ಲಿ ಕ್ರೆಡಿಟ್ ಅಂದರೆ ಜಮೆ. ಇಂತಿಷ್ಟು ವಾರ, ವಾರಕ್ಕೆ ಇಂತಿಷ್ಟು ಗಂಟೆ ಪಾಠ ಕೇಳಿ ಪಾಸಾದರೆ ನಿಮ್ಮ ಖಾತೆಗೆ ಇಂತಿಷ್ಟು ಕ್ರೆಡಿಟ್ ಬೀಳುತ್ತದೆ. ವರ್ಷವನ್ನು ಎರಡು ಸೆಮಿಸ್ಟರ್ ಮಾಡುವ ಕಡೆ 60 ಕ್ರೆಡಿಟ್ ತುಂಬಿದರೆ ಎರಡು ವರ್ಷದ ಪದವಿ, 120 ತುಂಬಿದರೆ ನಾಲ್ಕು ವರ್ಷದ್ದು. ನಮ್ಮ ರಾಜ್ಯದಲ್ಲಿ ಹತ್ತು ಹನ್ನೊಂದು ವಾರದ ಕ್ವಾರ್ಟರ್ ಪದ್ಧತಿ. ಅಲ್ಲಿ 90ಕ್ಕೆ ಎರಡು ವರ್ಷದ ಪದವಿ, 180ಕ್ಕೆ ಪೂರ್ಣ ಪದವಿ. ಕಾಲೇಜಿನ 5 ಕ್ರೆಡಿಟ್ ಪಾಠ ಒಂದು ಹೈಸ್ಕೂಲಿನಲ್ಲಿ 1 ಕ್ರೆಡಿಟ್‌ಗೆ ಸಮ. ಹೈಸ್ಕೂಲಿನಲ್ಲಿ ಒಂದು ವರ್ಷ ಓದುವ ಇಂಗ್ಲಿಷಿನ ಬದಲು ಕಾಲೇಜಿನಲ್ಲಿ ಒಂದು ಕ್ವಾರ್ಟರ್ ಇಂಗ್ಲಿಷು ಓದಿದರೆ ಎರಡೂ ಖಾತೆಗೆ ಜಮೆ ಆಯಿತು. ಹೀಗೆ ಎರಡು ವರ್ಷ ಬಿಡದೆ ಓದಿದ ಮಕ್ಕಳು ಹೈಸ್ಕೂಲಿನ ಸರ್ಟಿಫಿಕೇಟು, ಎರಡು ವರ್ಷದ ಕಾಲೇಜು ಪದವಿ, ಎರಡನ್ನೂ ಒಂದೇ ಬೇಸಿಗೆಯಲ್ಲಿ ಕೈಗೆ ತೆಗೆದುಕೊಳ್ಳುತ್ತಾರೆ. ಹದಿನೆಂಟರ ವಯಸ್ಸಿಗೆ!

ಲೆಕ್ಕಪತ್ರ ನೋಡುವ ಹಿರಿಯರು ಇಲ್ಲಿದ್ದೀರಿ, ಹಣ ಎಲ್ಲಿಂದ ಅಂತ ಕೇಳಿಯೇ ಕೇಳುತ್ತೀರಿ. ಹುಡುಗಿಯ ಹೆಸರಿನಲ್ಲಿ ಹೈಸ್ಕೂಲಿಗೆ ರಾಜ್ಯ ಸರ್ಕಾರದಿಂದ ದುಡ್ಡು ಬರುತ್ತದೆ. ಅವಳು ಕಾಲೇಜಿಗೆ ಹೋದಷ್ಟು ಪಾಲು ದುಡ್ಡು ಅವಳ ಹಿಂದೆಯೇ ಕಾಲೇಜಿಗೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ನೂರಕ್ಕೆ 93 ಕಾಲೇಜಿಗೆ, 7 ಶಾಲೆಯ ಆಡಳಿತದ ಖರ್ಚಿಗೆ. ಮನೆಯವರಿಗೆ ಪಾಠದ ಫೀಸಿಲ್ಲ. ಪುಸ್ತಕ, ಪ್ರಯೋಗಾಲಯದ ಸಣ್ಣಪುಟ್ಟ ಫೀಸು, ಓಡಾಟ, ಇಷ್ಟು ಮನೆಯದು. ಸಿಯಾಟಲ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ರಾಜ್ಯದ ಮಕ್ಕಳಿಗೇ ವರ್ಷಕ್ಕೆ ಹದಿಮೂರು ಸಾವಿರ ಡಾಲರಿನ ಆಸುಪಾಸು ಫೀಸು; ಊಟ ವಸತಿ ಬೇರೆ. ಅಮೆರಿಕದಲ್ಲಿ ಓದಿನ ಸಾಲ ಅಂದರೆ ನಮ್ಮಲ್ಲಿ ಅಡಿಕೆಗೆ ಕೊಳೆ ಬಂದ ವರ್ಷದ ಬೆಳೆಸಾಲದ ಹಾಗೆ, ಒಂದು ಸಲ ಹತ್ತಿದರೆ ಇಳಿಯುವುದು ಕಷ್ಟ. ಆ ಸಾಲದಲ್ಲಿ ಎರಡು ವರ್ಷ ಕಡಿಮೆಯಾದರೆ ಒಂದು ಕುಟುಂಬಕ್ಕೆ ಅದು ಸಣ್ಣ ಮಾತಲ್ಲ.

ಪಾಠ ನಡೆಯುವ ರೀತಿಯಲ್ಲಿ ಎರಡು ಬಗೆ. ಒಂದು, ಮಕ್ಕಳೇ ಕಾಲೇಜಿಗೆ ಹೋಗುವುದು. ಇನ್ನೊಂದು, ಹೈಸ್ಕೂಲಿನ ಕೋಣೆಯಲ್ಲೇ ಹೈಸ್ಕೂಲಿನ ಉಪಾಧ್ಯಾಯರೇ ಕಾಲೇಜಿನ ಪಾಠಪಟ್ಟಿ ಹಿಡಿದು ಕಲಿಸುವುದು. ಹಳ್ಳಿಯ ಕಡೆ ಎರಡನೆಯದೇ ಹೆಚ್ಚು, ಯಾಕೆಂದರೆ ಕಾಲೇಜು ಅರವತ್ತು ಮೈಲಿ ಆಚೆ ಇರುತ್ತದೆ. ಆದರೆ ಅದಕ್ಕೊಂದು ತೊಡಕು. ಕಾಲೇಜಿನ ಪಾಠ ಕಲಿಸುವವರಿಗೆ ಆ ವಿಷಯದಲ್ಲೇ ಸ್ನಾತಕೋತ್ತರ ಪದವಿ ಇರಬೇಕು. ಇಲ್ಲವೇ ಬೇರೆ ಸ್ನಾತಕೋತ್ತರ ಪದವಿಯ ಮೇಲೆ ಆ ವಿಷಯದಲ್ಲಿ 18 ಕ್ರೆಡಿಟ್ ಆದರೂ ಓದಿರಬೇಕು ಅಂತ ಅಲ್ಲಿನ ಬಹಳಷ್ಟು ಕಡೆ ಮಾನ್ಯತೆ ಕೊಡುವ ಸಂಸ್ಥೆಗಳ ನಿಯಮ. ನಿಯಮ ಸರಿಯಾದದ್ದೇ. ಆದರೆ ಹಳ್ಳಿಯ ಸಣ್ಣ ಶಾಲೆಯಲ್ಲಿ ಭೌತಶಾಸ್ತ್ರಕ್ಕೆ ಅಂಥವರು ಸಿಗುವುದಿಲ್ಲ. ಒಳ್ಳೆಯ ನಿಯಮವೇ ಹಳ್ಳಿ ಮಕ್ಕಳ ಬಾಗಿಲು ಮುಚ್ಚುವುದನ್ನು ನಾವು ಅಲ್ಲಿಯೂ ಕಂಡೆವು. ಇಲ್ಲಿ ಕುಳಿತ ನಮ್ಮ ಹೈಸ್ಕೂಲಿನ ಗುರುಗಳು ತಲೆ ಆಡಿಸುತ್ತಿದ್ದಾರೆ, ಅವರಿಗೆ ಇದು ಬಿಡಿಸಿ ಹೇಳಬೇಕಾದ್ದಿಲ್ಲ.

ನಮ್ಮ ಮಗಳು ಹೋದದ್ದು ಮೊದಲನೆಯ ಬಗೆ. ಮೊದಲ ವಾರ ಅವಳಿಗೆ ಆಶ್ಚರ್ಯವಾದದ್ದು ಪಾಠ ಅಲ್ಲ, ಪಕ್ಕದಲ್ಲಿ ಕೂತವರು. ಒಂದು ಕಡೆ ಸೈನ್ಯದಿಂದ ನಿವೃತ್ತರಾದವರು. ಇನ್ನೊಂದು ಕಡೆ ರಾತ್ರಿ ಪಾಳಿ ಮುಗಿಸಿ ಬಂದ, ಎರಡು ಮಕ್ಕಳ ತಾಯಿ. ಆಕೆ ಕಣ್ಣು ಉಜ್ಜಿಕೊಳ್ಳುತ್ತಾ ಒಂದು ಮಾತೂ ಬಿಡದೆ ಬರೆದುಕೊಳ್ಳುತ್ತಿದ್ದಳಂತೆ. "ಅಮ್ಮಾ, ಅವರನ್ನ ನೋಡಿದ್ರೆ ನಂಗೆ ಆಕಳಿಸೋಕೂ ನಾಚಿಕೆ ಆಗುತ್ತೆ" ಅಂದಳು. ನಾವು ವರ್ಷಗಟ್ಟಲೆ ಹೇಳಿದ ಬುದ್ಧಿಮಾತು ಮಾಡದ ಕೆಲಸವನ್ನು ಆ ತಾಯಿ ಒಂದು ವಾರದಲ್ಲಿ ಮಾಡಿದಳು.

ಹಾಗಂತ ಎಲ್ಲವೂ ಸುಖ ಅಂತ ತಿಳಿಯಬೇಡಿ. ಹೈಸ್ಕೂಲಿನಲ್ಲಿ ದಿನಕ್ಕೆ ಆರೇಳು ಗಂಟೆ ಕೂರಿಸುತ್ತಾರೆ; ಕಾಲೇಜಿನಲ್ಲಿ 15 ಕ್ರೆಡಿಟ್ ತೆಗೆದುಕೊಂಡರೆ ವಾರಕ್ಕೆ ಹದಿನೈದು ಗಂಟೆ ಮಾತ್ರ ತರಗತಿ. ಹುಡುಗರಿಗೆ ಇದು ರಜೆಯ ಹಾಗೆ ಕಾಣುತ್ತದೆ. ಆದರೆ ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಹೊರಗೆ ಓದಬೇಕು ಎಂಬುದು ಅಲ್ಲಿನ ಲೆಕ್ಕ. ಓದು ಅಂತ ಬೆನ್ನು ಹತ್ತುವವರು ಯಾರೂ ಇಲ್ಲ. ವರ್ಷದ ಕೊನೆಗೆ ಒಂದು ದೊಡ್ಡ ಪರೀಕ್ಷೆ ಅಂತಲೂ ಇಲ್ಲ. ವಾರ ವಾರ ಬರೆದು ಒಪ್ಪಿಸುವುದು, ಕಿರುಪರೀಕ್ಷೆ, ಪ್ರಯೋಗ, ಎಲ್ಲವೂ ಕೂಡಿ ಅಂಕ. ಮೂರು ವಾರ ಮೈಮರೆತರೆ ನಾಲ್ಕನೆಯ ವಾರ ಕೈಗೆ ಸಿಗುವುದಿಲ್ಲ.

ಫೇಲಾದರೆ? ಅದು ಅಲ್ಲೇ ನಿಲ್ಲುತ್ತದೆ. ಅಳಿಸಿಹೋಗುವುದಿಲ್ಲ. ಹದಿನಾರರ ವಯಸ್ಸಿನಲ್ಲಿ ಬಿದ್ದ ಆ ಗೆರೆ ಕಾಲೇಜಿನ ಶಾಶ್ವತ ದಾಖಲೆಯಲ್ಲಿ ಕೂತು, ಇಪ್ಪತ್ತೊಂದರ ವಯಸ್ಸಿನಲ್ಲಿ ಮುಂದಿನ ಓದಿಗೆ ಅರ್ಜಿ ಹಾಕಿದಾಗಲೂ ತಲೆ ಎತ್ತುತ್ತದೆ. ಮುಂದೆ ಸರ್ಕಾರದ ಓದಿನ ನೆರವು ಕೇಳುವಾಗಲೂ ಆ ಗೆರೆಯನ್ನು ಎಣಿಸುತ್ತಾರೆ. ಜಮೆಯ ಪುಸ್ತಕ ಅಂದಮೇಲೆ ಖರ್ಚಿನ ಕಲಮೂ ಇರುತ್ತದಲ್ಲ!

ತಂದೆತಾಯಿಗಳಿಗೆ ಇನ್ನೊಂದು ಪೆಟ್ಟು ಇದೆ. ಅಮೆರಿಕದ ಕಾನೂನಿನ ಪ್ರಕಾರ ಮಗು ಕಾಲೇಜಿನ ವಿದ್ಯಾರ್ಥಿ ಆದ ಕ್ಷಣ, ವಯಸ್ಸು ಹದಿನಾರೇ ಇರಲಿ, ಕಾಲೇಜಿನ ದಾಖಲೆ ನೋಡುವ ಹಕ್ಕು ಆ ಮಗುವಿನದು. ಅಪ್ಪ ಕಾಲೇಜಿಗೆ ಫೋನು ಮಾಡಿ "ನನ್ನ ಮಗನ ಅಂಕ ಎಷ್ಟು" ಅಂತ ಕೇಳಿದರೆ, ಸಾಮಾನ್ಯವಾಗಿ "ನಿಮ್ಮ ಮಗನನ್ನೇ ಕೇಳಿ" ಎಂಬ ಉತ್ತರ ಬರುತ್ತದೆ. ಹೈಸ್ಕೂಲಿನ ಮೂಲಕ ತಿಳಿಯಲು ದಾರಿ ಉಂಟು, ಆದರೆ ಮೊದಲಿನ ಹಾಗೆ ನೇರ ಅಲ್ಲ. ನಮ್ಮ ಕನ್ನಡದ ಮನೆಗಳಲ್ಲಿ ಇದು ಎಬ್ಬಿಸಿದ ಗಲಾಟೆ ಹೇಳಿ ಪೂರೈಸದು. ಒಬ್ಬ ಸ್ನೇಹಿತರಂತೂ "ಫೀಸಿಲ್ಲ ನಿಜ, ಮರ್ಯಾದೇನೂ ಇಲ್ಲ ಮಾರಾಯ್ರೇ" ಅಂದರು.

ಇದಕ್ಕಿಂತ ದೊಡ್ಡ ತೊಡಕು ಈಗ ಹೇಳುತ್ತೇವೆ. ಜಮೆ ಆದದ್ದು ನಿಜ, ಆದರೆ ಆ ಪಾಸ್‌ಬುಕ್ಕನ್ನು ಬೇರೆ ಬ್ಯಾಂಕಿನವರು ಒಪ್ಪಬೇಕಲ್ಲ? ವಾಷಿಂಗ್ಟನ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಮತ್ತು ಕಮ್ಯುನಿಟಿ ಕಾಲೇಜುಗಳ ನಡುವೆ ಒಪ್ಪಂದ ಇದೆ. ಅಲ್ಲಿ ಗೊತ್ತುಮಾಡಿದ ರೀತಿಯಲ್ಲಿ 90 ಕ್ರೆಡಿಟ್ ತುಂಬಿಸಿದರೆ ತಕರಾರಿಲ್ಲ. ರಾಜ್ಯ ದಾಟಿದರೆ, ಇಲ್ಲವೇ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋದರೆ, ಅವರವರ ಮರ್ಜಿ. ನಮ್ಮ ಪರಿಚಯದ ಮನೆಯ ಹುಡುಗ ಎರಡು ವರ್ಷದ ಪದವಿ ಪೂರ್ತಿ ಕೈಯಲ್ಲಿ ಹಿಡಿದು ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯ ಸೇರಿದ. ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ನಾಲ್ಕೈದು ಪಾಠ ಮಾತ್ರ. ಉಳಿದದ್ದಕ್ಕೆ 'ಚೆನ್ನಾಗಿ ಓದಿದ್ದೀಯಪ್ಪ' ಅಂದರು, ಅಷ್ಟೇ.

ಎಂಜಿನಿಯರಿಂಗಿನ ಮಾತು ಇನ್ನೂ ಬೇರೆ. ಅಲ್ಲಿ ಗಣಿತದ ಒಂದು ಪಾಠ ಮುಗಿಸದೆ ಮುಂದಿನದಕ್ಕೆ ಕೂರಿಸುವುದಿಲ್ಲ, ಗಣಿತ ಮುಗಿಯದೆ ಭೌತಶಾಸ್ತ್ರ ಇಲ್ಲ, ಅದು ಮುಗಿಯದೆ ಮುಂದಿನದಿಲ್ಲ. ಸರಪಳಿಯ ಹಾಗೆ. ಇತಿಹಾಸ, ಮನಶ್ಶಾಸ್ತ್ರ, ಸಂಗೀತ ಅಂತ 90 ಕ್ರೆಡಿಟ್ ಕೂಡಿಸಿದರೂ ಸರಪಳಿಯ ಮೊದಲ ಕೊಂಡಿ ಹಿಡಿಯದಿದ್ದರೆ ಮತ್ತೆ ನಾಲ್ಕು ವರ್ಷವೇ. ಹಾಗಾಗಿ ಅಲ್ಲಿನ ಅನುಭವಸ್ಥ ಉಪಾಧ್ಯಾಯರು ಮಕ್ಕಳಿಗೆ ಮೊದಲು ಕೇಳುವುದು 'ಎಷ್ಟು ಕ್ರೆಡಿಟ್ ಬೇಕು' ಅಂತ ಅಲ್ಲ, 'ಮುಂದೆ ಎಲ್ಲಿಗೆ, ಏನು ಓದಲಿಕ್ಕೆ' ಅಂತ. ದೂರದ ಊರುಗಳಿಂದ ನಮಗೆ ಫೋನು ಮಾಡುವ ಕನ್ನಡದ ಪರಿಚಯಸ್ಥರಿಗೆ ನಾವೂ ಇದನ್ನೇ ಹೇಳುತ್ತೇವೆ. ಅವರಲ್ಲಿ ಅನೇಕರಿಗೆ ಮಗ ಎರಡು ವರ್ಷ ಬೇಗ ಮುಗಿಸಿದ ಎಂದು ಊರಿಗೆಲ್ಲ ಹೇಳುವ ಆತುರ. ಹದಿನೆಂಟಕ್ಕೆ ಮೂರನೆಯ ವರ್ಷದ ತರಗತಿಯಲ್ಲಿ ಕೂತ ಹುಡುಗನಿಗೆ ತನಗೇನು ಬೇಕೆಂದು ಗೊತ್ತಾಗಲು ಪುರುಸೊತ್ತೇ ಸಿಕ್ಕಿರುವುದಿಲ್ಲ.

ಹಾಗಾದರೆ ಇದರಿಂದ ನಿಜವಾಗಿ ಪ್ರಯೋಜನ ಆಗಿದೆಯೇ? ಆಗಿದೆ. ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ವಿಭಾಗ 2017ರಲ್ಲಿ ಇದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಿಸಿ ನೋಡಿತು. ಹೀಗೆ ಓದಿದ ಮಕ್ಕಳು ಹೈಸ್ಕೂಲು ಮುಗಿಸುವುದು, ಕಾಲೇಜು ಸೇರುವುದು, ಪದವಿ ಪಡೆಯುವುದು, ಎಲ್ಲದರಲ್ಲೂ ಮುಂದೆ ಎಂದು ಹೇಳಿತು. 'ಜಾಣರೇ ಹೋಗ್ತಾರೆ, ಜಾಣರೇ ಮುಂದೆ ಬರ್ತಾರೆ, ಇದರಲ್ಲೇನು ದೊಡ್ಡದು' ಅಂತ ನೀವು ಕೇಳಬಹುದು. ಅದಕ್ಕೂ ಉತ್ತರ ಇದೆ. 2002ರಿಂದ ಅಲ್ಲಿ 'ಅರ್ಲಿ ಕಾಲೇಜ್' ಎಂಬ ಹೈಸ್ಕೂಲುಗಳನ್ನು ಬಿಲ್ ಗೇಟ್ಸ್ ಅವರ ಪ್ರತಿಷ್ಠಾನದ ನೆರವಿನಿಂದ ಹೆಚ್ಚಿಸಿದರು. ಬಡವರ ಮನೆಯ, ಮನೆತನದಲ್ಲೇ ಮೊದಲು ಕಾಲೇಜು ನೋಡುವ ಮಕ್ಕಳಿಗೆಂದೇ ಇವು. ಸೀಟಿಗಿಂತ ಅರ್ಜಿ ಹೆಚ್ಚಾದ ಕಡೆ ಚೀಟಿ ಎತ್ತಿದರು. ನಮ್ಮ ಚೀಟಿ ವ್ಯವಹಾರದ ಹಾಗೆಯೇ, ಅದೃಷ್ಟ ಇದ್ದವರಿಗೆ ಸೀಟು. ಅಂದಮೇಲೆ ಚೀಟಿ ಬಂದವರೂ ಬಾರದವರೂ ಜಾಣತನದಲ್ಲಿ ಒಂದೇ. ಅಂಥ ಹತ್ತು ಶಾಲೆಗಳ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2013ರಲ್ಲಿ ವರದಿ ಕೊಟ್ಟರು. ಚೀಟಿ ಬಂದವರಲ್ಲಿ ನೂರಕ್ಕೆ 22 ಮಂದಿ ಅಷ್ಟರಲ್ಲೇ ಕಾಲೇಜಿನ ಒಂದು ಪದವಿ ಪಡೆದಿದ್ದರು. ಬಾರದವರಲ್ಲಿ ನೂರಕ್ಕೆ 2. ನಾವು ಈ ಅಂಕಿಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಲಾಗಾರ್ಡಿಯಾದ ಆ ಪ್ರಾಧ್ಯಾಪಕಿ 1974ರಲ್ಲಿ ನಂಬಿದ್ದು ಇದನ್ನೇ ಅಲ್ಲವೇ?

ಹೀಗಿದ್ದೂ ದೇಶದಲ್ಲಿ ಈ ಬಾಗಿಲಿನಿಂದ ಒಳಗೆ ಹೋಗುವವರಲ್ಲಿ ಕಪ್ಪುಜನರ ಮಕ್ಕಳು, ಮೆಕ್ಸಿಕೋ ಕಡೆಯಿಂದ ಬಂದವರ ಮಕ್ಕಳು, ಬಡವರ ಮಕ್ಕಳು ಅವರ ಸಂಖ್ಯೆಗೆ ತಕ್ಕಷ್ಟು ಇಲ್ಲ. ಕಾನೂನಿನಲ್ಲಿ ಯಾರಿಗೂ ಅಡ್ಡಿ ಇಲ್ಲ. ಆದರೆ ಯಾರಿಗೆ ಗೊತ್ತು, ಯಾರು ಅರ್ಜಿ ತುಂಬಿಸುತ್ತಾರೆ, ಯಾರ ಮನೆಯಲ್ಲಿ ಎರಡನೆಯ ಕಾರು ಇದೆ, ಯಾರು ಪುಸ್ತಕಕ್ಕೆ ನೂರಾರು ಡಾಲರು ಕೊಡಬಲ್ಲರು, ಅಲ್ಲಿ ಜರಡಿ ಹಿಡಿದ ಹಾಗೆ ಆಗುತ್ತದೆ. ಫೀಸು ಮಾಫಿ ಆದರೂ ಬಸ್ಸಿಲ್ಲದೆ ಉಳಿದ ಮಕ್ಕಳನ್ನು ನಾವೇ ಕಂಡಿದ್ದೇವೆ. ಇದು ಅಲ್ಲಿನ ಸರ್ಕಾರಗಳಿಗೂ ನಿಧಾನವಾಗಿ ಅರ್ಥವಾಗುತ್ತಿದೆ. ಟೆಕ್ಸಾಸ್ ರಾಜ್ಯ 2023ರಲ್ಲಿ ಕಾನೂನು ಮಾಡಿ, ಯೋಜನೆಗೆ ಸೇರಿದ ಕಾಲೇಜುಗಳಲ್ಲಿ ಬಡ ಮಕ್ಕಳಿಗೆ ಈ ಪಾಠಗಳನ್ನು ಉಚಿತ ಮಾಡಿತು. ಅದೇ ವರ್ಷ ನಮ್ಮ ವಾಷಿಂಗ್ಟನ್ ರಾಜ್ಯ, ಹೈಸ್ಕೂಲಿನ ಕೋಣೆಯಲ್ಲೇ ನಡೆಯುವ ಸರ್ಕಾರಿ ಕಾಲೇಜುಗಳ ಪಾಠಕ್ಕೂ ಫೀಸು ತೆಗೆದುಹಾಕಿತು.

ನಿನ್ನೆ ರಾತ್ರಿ ಊಟದ ಪಂಕ್ತಿಯಲ್ಲಿ ನಿರ್ದೇಶಕರೊಬ್ಬರು ಕೇಳಿದರು: "ಇದೆಲ್ಲ ನಮ್ಮಲ್ಲಿ ಆಗ್ತದಾ?" ಪಿಯುಸಿ ಓದುತ್ತಾ ಡಿಗ್ರಿ ಕಾಲೇಜಿನ ಜಮೆ ಗಳಿಸುವ ದಾರಿ ನಮ್ಮ ಪಿಯು ವ್ಯವಸ್ಥೆಯಲ್ಲಿ ಇಲ್ಲ. ಆದರೆ ಜಮೆಯ ವಿಚಾರವೇ ನಮಗೆ ಹೊಸದೂ ಅಲ್ಲ. ಐಟಿಐ ಮಾಡಿದವನು, ಪಿಯುಸಿ ಸೈನ್ಸ್ ಮಾಡಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಹೋಗುವುದಿಲ್ಲವೇ? ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ? ಲ್ಯಾಟರಲ್ ಎಂಟ್ರಿ ಅಂತ ನಾವು ಕರೆಯುವುದು ಇದನ್ನೇ, ಓದಿದ್ದನ್ನು ಮತ್ತೆ ಓದಿಸದೆ ಲೆಕ್ಕಕ್ಕೆ ತೆಗೆದುಕೊಳ್ಳುವುದು. ನಮ್ಮೂರಿನಲ್ಲಿ ಈ ದಾರಿ ಗೊತ್ತಿಲ್ಲದೆ ಐಟಿಐಗೇ ನಿಂತ ಹುಡುಗರು ಎಷ್ಟು ಜನ! ಕೇಂದ್ರ ಸರ್ಕಾರ 2020ರ ಹೊಸ ಶಿಕ್ಷಣ ನೀತಿಯ ಮೇಲೆ 2021ರಲ್ಲಿ ಕ್ರೆಡಿಟ್ ಬ್ಯಾಂಕ್ ಒಂದನ್ನು ಶುರು ಮಾಡಿದೆ. ಕಾಲೇಜು ವಿದ್ಯಾರ್ಥಿಯ ಕ್ರೆಡಿಟ್‌ಗಳು ಅಲ್ಲಿ ಖಾತೆಯಾಗಿ ಕೂಡುತ್ತವೆ. 2023ರಲ್ಲಿ ಶಾಲೆಯ ಓದು, ಕಸುಬಿನ ಓದು, ಕಾಲೇಜಿನ ಓದು ಮೂರನ್ನೂ ಒಂದೇ ಅಳತೆಗೆ ತರುವ ಚೌಕಟ್ಟನ್ನೂ ಪ್ರಕಟಿಸಿತು. ಕಾಗದದ ಮೇಲೆ ಬಾಗಿಲು ಬಂತು, ಗೋಡೆ ಒಡೆಯುವವರು ಬರಬೇಕು. ನಮ್ಮ ರಾಜ್ಯದಲ್ಲಿ ಡಿಗ್ರಿ 2021ರಲ್ಲಿ ನಾಲ್ಕು ವರ್ಷ ಆಯಿತು, 2024ರಲ್ಲಿ ಮತ್ತೆ ಮೂರು ವರ್ಷ ಆಯಿತು. ಇಂಥದ್ದರ ನಡುವೆ ಮಕ್ಕಳು ಯಾವುದನ್ನು ನಂಬಬೇಕು ಹೇಳಿ. ಹಾಗಾಗಿ ನಾಳೆಯೇ ನಮ್ಮ ಹೈಸ್ಕೂಲಿಗೆ ಕಾಲೇಜು ಬಂದು ಕೂರುತ್ತದೆ ಅಂತ ನಾವು ಆಸೆ ಹಚ್ಚಲು ಬಂದಿಲ್ಲ.

ನಾವು ಹೇಳಬೇಕೆಂದು ಬಂದದ್ದು ಬೇರೆ. ಈ ಸಂಘ ವರ್ಷ ವರ್ಷ ಲಾಭದಲ್ಲಿ ಒಂದು ಪಾಲು ತೆಗೆದಿಟ್ಟು ಪ್ರತಿಭಾ ಪುರಸ್ಕಾರ ಕೊಡುತ್ತದೆ. ಬೆಳಿಗ್ಗೆ ನೋಡಿದೆವು, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದ ಹನ್ನೊಂದು ಮಕ್ಕಳಿಗೆ ಶಾಲು, ಫಲಕ, ಲಕೋಟೆ. ಸಂತೋಷ. ಆ ಮಕ್ಕಳ ಜಾಣತನಕ್ಕೆ ನಮ್ಮ ನಮಸ್ಕಾರ. ಆದರೆ ಆ ಹನ್ನೊಂದು ಮಕ್ಕಳೂ ಲಕೋಟೆ ಇಲ್ಲದಿದ್ದರೂ ಕಾಲೇಜಿಗೆ ಹೋಗುವವರೇ. ನೂರಕ್ಕೆ ಐವತ್ತೈದು ತೆಗೆದು ತೋಟದ ಕೆಲಸಕ್ಕೆ ನಿಂತ ಹುಡುಗ, ಪೇಟೆಯ ಬಟ್ಟೆ ಅಂಗಡಿಗೆ ಸೇರಿದ ಹುಡುಗಿ, ಅವರ ಹೆಸರು ಇಲ್ಲಿ ಯಾರೂ ಓದಲಿಲ್ಲ. ಅಮೆರಿಕದ ಆ ಚೀಟಿ ಎತ್ತಿದ ಮಕ್ಕಳ ಲೆಕ್ಕ ನಮಗೆ ತೋರಿಸಿದ್ದು, ಹೀಗೆ ಅಂಚಿನಲ್ಲಿ ನಿಂತವರ ಮೇಲೆ ಹಾಕಿದ ರೂಪಾಯಿಯೇ ದುಪ್ಪಟ್ಟು ದುಡಿಯುತ್ತದೆ ಅಂತ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಪುರಸ್ಕಾರದ ಮೊತ್ತದಲ್ಲಿ ಅರ್ಧ ಭಾಗವನ್ನು ಪಿಯುಸಿ, ಐಟಿಐ, ಡಿಪ್ಲೊಮಾಗೆ ಹೋಗುವ ಸಾಧಾರಣ ಅಂಕದ ಮಕ್ಕಳ ಓಡಾಟ ಮತ್ತು ಪುಸ್ತಕಕ್ಕೆ ಇಡಿ. 'ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಉಂಟಲ್ಲ' ಅಂತ ಹಿಂದಿನ ಸಾಲಿನಿಂದ ಒಬ್ಬರು ಹೇಳಿದರು. 2023ರ ಜೂನ್‌ನಿಂದ ಉಂಟು, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮೂರಿನ ಕೈಮರದಿಂದ ಪೇಟೆಗೆ ಬೆಳಿಗ್ಗೆ ಹೋಗುವುದು ಖಾಸಗಿ ಬಸ್ಸು. ಸರ್ಕಾರಿ ಬಸ್ಸು ಬರುವಾಗ ಕಾಲೇಜಿನಲ್ಲಿ ಎರಡನೆಯ ಪೀರಿಯಡ್ ಮುಗಿದಿರುತ್ತದೆ. ಬೆಳಗಿನ ಬಸ್ಸಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಡಿಪೋ ಮ್ಯಾನೇಜರಿಗೆ ಅರ್ಜಿ ಹೋದರೆ ಅದರ ತೂಕವೇ ಬೇರೆ. ಇನ್ನೊಂದು, ಪ್ರತಿ ವರ್ಷ ಫಲಿತಾಂಶ ಬಂದ ವಾರ, ಸಂಘದ ಹಾಲ್‌ನಲ್ಲಿ ಹೈಸ್ಕೂಲಿನ ಗುರುಗಳು, ಪಾಲಿಟೆಕ್ನಿಕ್ಕಿನವರು, ಐಟಿಐಯವರು ಒಟ್ಟಿಗೆ ಒಂದು ದಿನ ಕೂತು, ಯಾವುದರಿಂದ ಯಾವುದಕ್ಕೆ ದಾರಿ ಇದೆ, ಅರ್ಜಿಗೆ ಕೊನೆಯ ದಿನ ಯಾವುದು ಅಂತ ಮನೆಯವರಿಗೇ ಬಿಡಿಸಿ ಹೇಳಲಿ. ಚಹಾ, ಅವಲಕ್ಕಿ ಖರ್ಚು ನಮ್ಮದು.

ಮೊದಲ ಮೂರು ವರ್ಷಕ್ಕೆ ನಮ್ಮ ಪಾಲಿನ ಹಣವನ್ನು ಕಾರ್ಯದರ್ಶಿಗಳ ಕೈಗೆ ಈಗಾಗಲೇ ಕೊಟ್ಟು ರಸೀದಿ ತೆಗೆದುಕೊಂಡಿದ್ದೇವೆ. ಉಳಿದದ್ದು ಮುಂದಿನ ಮಹಾಸಭೆಯ ವಿಷಯಪಟ್ಟಿಗೆ ಬರುತ್ತದೆ ಎಂದು ಅಧ್ಯಕ್ಷರು ಒಪ್ಪಿದ್ದಾರೆ. ಆ ದಿನ ಸದಸ್ಯರೆಲ್ಲ ಬಂದು ಕೈ ಎತ್ತಿ. ಕೋರಂ ಇಲ್ಲ ಅಂತ ಸಭೆ ಮುಂದೆ ಹೋಗುವುದು ಬೇಡ.